ತಿರುವಿನಲ್ಲಿ ಲಾರಿಯ ಹಿಂಭಾಗ ಬಡಿದರೆ ತಪ್ಪು ಯಾರದ್ದು? ಪರಿಹಾರ ಹೇಗೆ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ. ನನ್ನ ಯಜಮಾನರಿಗೆ 38 ವರ್ಷ. ಕಾಫಿ ತೋಟದಲ್ಲಿ ರೈಟರ್ ಕೆಲಸ (ಆಳುಗಳ ಹಾಜರಿ, ತೋಟದ ಕೆಲಸ ನೋಡಿಕೊಳ್ಳುವುದು), ತಿಂಗಳಿಗೆ 20,000 ರೂಪಾಯಿ ಸಂಬಳ. ನಾಲ್ಕು ತಿಂಗಳ ಹಿಂದೆ ಸಂಜೆ ಬೈಕಿನಲ್ಲಿ ಚೆಟ್ಟಳ್ಳಿ ಕಡೆಯಿಂದ ಬರುತ್ತಿದ್ದಾಗ ತಿರುವಿನಲ್ಲಿ ಮರ ತುಂಬಿದ ಲಾರಿ ಎದುರಾಯಿತು. ಲಾರಿಯ ಮುಂಭಾಗ ದಾಟಿ ಹೋದ ಮೇಲೆ ಹಿಂಭಾಗ ಬಂದು ಬಡಿಯಿತು ಅನ್ನುತ್ತಾರೆ. ಬಲತೊಡೆಯ ಮೂಳೆ ಮುರಿದಿದೆ, ಬಲಪಾದದ ಮೇಲೆ ಚಕ್ರ ಹತ್ತಿದೆ. ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರು. ರಾಡ್ ಹಾಕಿದ್ದಾರೆ, ಈಗಲೂ ಊರುಗೋಲು ಬೇಕು. "ಬೈಕಿನವನೇ ಬಂದು ನನ್ನ ಲಾರಿಯ ಹಿಂದಕ್ಕೆ ಗುದ್ದಿದ" ಅಂತ ಡ್ರೈವರ್ ಹೇಳುತ್ತಾನೆ. ಲಾರಿ ಹೊರರಾಜ್ಯದ್ದು. ಯಜಮಾನರ ಡಿಎಲ್ ಅವಧಿ ಮುಗಿದಿತ್ತು. ಹೆಲ್ಮೆಟ್ ಹಾಕಿದ್ದರು. ಈಗ ವಿಮಾ ಕಂಪನಿ ಕಡೆಯವರು ಅಂತ ಒಬ್ಬರು ಮನೆಗೆ ಬಂದು, ಎರಡೂವರೆ ಲಕ್ಷ ಕೊಡಿಸುತ್ತೇವೆ, ಸಹಿ ಹಾಕಿ ಅನ್ನುತ್ತಿದ್ದಾರೆ. ಡಿಎಲ್ ಇಲ್ಲದ ಕಾರಣ ಕೋರ್ಟಿಗೆ ಹೋದರೆ ಅಷ್ಟೂ ಸಿಗಲ್ಲ ಅಂತಲೂ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಎರಡು ಮಾತು. ಆ ಕಾಗದಕ್ಕೆ ಸಹಿ ಹಾಕಬೇಡಿ. ಮತ್ತೆ, ಅಪಘಾತ ಆದ ತಾರೀಕನ್ನು ಒಂದು ಕಡೆ ಬರೆದಿಟ್ಟು, ಅದರಿಂದ ಆರು ತಿಂಗಳು ಎಣಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪರಿಹಾರದ ಅರ್ಜಿಯನ್ನು ಆರು ತಿಂಗಳ ಒಳಗೆ ಹಾಕಬೇಕು. ಈ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ ನಿಜ. ಆದರೆ ಅದನ್ನು ನಂಬಿಕೊಂಡು ದಿನ ಕಳೆಯುವುದು ಬೇಡ. ನಿಮಗೆ ಇನ್ನೂ ಸುಮಾರು ಎರಡು ತಿಂಗಳಿದೆ. ಅಷ್ಟು ಸಾಕು. "ಚಿಕಿತ್ಸೆ ಪೂರ್ತಿ ಮುಗಿಯಲಿ, ಆಮೇಲೆ ಕೇಸು ಹಾಕೋಣ" ಅಂತ ಮನೆಯವರು ಹೇಳಬಹುದು. ಹಾಗೆ ಕಾಯುವ ಅಗತ್ಯವಿಲ್ಲ. ಅರ್ಜಿ ಈಗ ಹಾಕಿ, ಮುಂದಿನ ಬಿಲ್ಲುಗಳನ್ನೂ ಅಂಗವೈಕಲ್ಯದ ಸರ್ಟಿಫಿಕೇಟನ್ನೂ ಆಮೇಲೆ ಕೊಡಬಹುದು.

ಲಾರಿ ಹೊರರಾಜ್ಯದ್ದು ಅನ್ನುವ ಚಿಂತೆಯನ್ನು ಬಿಟ್ಟುಬಿಡಿ. ಅಪಘಾತ ನಡೆದ ಜಾಗದಲ್ಲಿ, ಅಥವಾ ನೀವು ವಾಸ ಇರುವ ಜಾಗದಲ್ಲಿ ಅರ್ಜಿ ಹಾಕಲು ಕಾಯ್ದೆಯ 166ನೇ ಕಲಮು ಅವಕಾಶ ಕೊಡುತ್ತದೆ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇರುವ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ನೀವು ಹೋದರೆ ಸಾಕು. ಲಾರಿ ಮಾಲೀಕರೂ ವಿಮಾ ಕಂಪನಿಯವರೂ ಇಲ್ಲಿಗೇ ಬರಬೇಕು. ಲಾರಿ ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ವಿಮೆ ಯಾವ ಕಂಪನಿಯದ್ದು, ಯಾವತ್ತಿನವರೆಗೆ ಇದೆ, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮುಗಿದಿದೆಯಾ ಅನ್ನುವುದು ಅಲ್ಲೇ ಸಿಗುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಈಗ ನಿಮ್ಮ ಪ್ರಕರಣದ ಮುಖ್ಯ ವಿಷಯಕ್ಕೆ ಬರುತ್ತೇನೆ. "ಮುಂಭಾಗ ದಾಟಿ ಹೋದ ಮೇಲೆ ಹಿಂಭಾಗ ಬಂದು ಬಡಿಯಿತು" ಅಂತ ನಿಮ್ಮ ಯಜಮಾನರು ಹೇಳಿದ್ದಾರಲ್ಲ, ಆ ಮಾತಿನ ಮೇಲೆಯೇ ಇಡೀ ಕೇಸು ನಿಂತಿದೆ. ಉದ್ದದ ಲಾರಿ ತಿರುವಿನಲ್ಲಿ ಹೇಗೆ ಹೋಗುತ್ತದೆ ಅಂತ ರಸ್ತೆ ಬದಿಯಲ್ಲಿ ನಿಂತು ಒಮ್ಮೆ ಗಮನಿಸಿ. ಮುಂದಿನ ಚಕ್ರ ಹೋದ ಜಾಡಿನಲ್ಲೇ ಹಿಂದಿನ ಚಕ್ರ ಹೋಗುವುದಿಲ್ಲ. ಅದು ತಿರುವಿನ ಒಳಬದಿಗೆ ಕತ್ತರಿಸಿಕೊಂಡು ಬರುತ್ತದೆ. ಲಾರಿ ಬಲಕ್ಕೆ ತಿರುಗುತ್ತಿದ್ದರೆ ಒಳಬದಿ ಅಂದರೆ ರಸ್ತೆಯ ಆಚೆ ಅರ್ಧ, ಎದುರಿನಿಂದ ಬರುವವರ ಜಾಗ. ಕ್ಯಾಬಿನ್ ತನ್ನ ಎಡದಲ್ಲೇ ಸರಿಯಾಗಿ ದಾಟಿ ಹೋಗಿರುತ್ತದೆ. ಬೈಕಿನವರಿಗೆ "ಸದ್ಯ, ದಾಟಿತು" ಅನ್ನಿಸುತ್ತದೆ. ಅಷ್ಟರಲ್ಲಿ ಹಿಂದಿನ ಚಕ್ರವೂ ಬಾಡಿಯೂ ಅವರ ಮೇಲೆ ಬರುತ್ತವೆ. ಇನ್ನೊಂದು ರೀತಿಯೂ ಇದೆ. ಲಾರಿ ಎಡಕ್ಕೆ ತಿರುಗುವಾಗ, ಹಿಂದಿನ ಆಕ್ಸಲ್ಲಿನಿಂದಾಚೆ ಚಾಚಿಕೊಂಡಿರುವ ಬಾಲ ಬಲಕ್ಕೆ ಬೀಸುತ್ತದೆ. ದಿಮ್ಮಿಗಳು ಬಾಡಿಯಿಂದ ಹೊರಗೆ ಚಾಚಿದ್ದರೆ ಆ ಬೀಸು ಇನ್ನೂ ಜಾಸ್ತಿ.

ನಮ್ಮ ಕೊಡಗಿನ ರಸ್ತೆ ನಿಮಗೆ ಗೊತ್ತೇ ಇದೆ. ಒಂದು ಕಡೆ ಬರೆ (ಕಡಿದ ಗುಡ್ಡದ ಮಗ್ಗುಲು), ಇನ್ನೊಂದು ಕಡೆ ತೋಟದ ಬೇಲಿ, ನಡುವೆ ಎರಡು ವಾಹನ ಉಸಿರು ಬಿಗಿಹಿಡಿದು ದಾಟುವಷ್ಟು ಜಾಗ. ಇಂಥ ಕಡೆ ಉದ್ದದ ಲಾರಿಯ ಡ್ರೈವರ್ ತಿರುವಿಗೆ ಮೊದಲೇ ನಿಧಾನ ಮಾಡಿ, ಎದುರಿನವರು ಪೂರ್ತಿ ದಾಟುವ ತನಕ ಕಾಯಬೇಕು. ಹಿಂಭಾಗ ಎಲ್ಲಿ ಹೋಗುತ್ತದೆ ಅಂತ ಲೆಕ್ಕ ಹಾಕುವುದು ಅವನ ಕೆಲಸ, ಬೈಕಿನವರದ್ದಲ್ಲ.

ಆದರೆ ಕಾಗದದ ಮೇಲೆ ಇದು ಹೇಗೆ ಕಾಣುತ್ತದೆ? ಲಾರಿಗೆ ಪೆಟ್ಟಾದದ್ದು ಬಲಗಡೆ ಹಿಂದೆ. ಮುಂದೆ ಒಂದು ಗೀರೂ ಇಲ್ಲ. ಇದನ್ನೇ ಹಿಡಿದುಕೊಂಡು ವಿಮಾ ಕಂಪನಿಯ ವಕೀಲರು "ಹಿಂದಿನ ಭಾಗಕ್ಕೆ ಬೈಕ್ ಬಂದು ಗುದ್ದಿದೆ, ತಪ್ಪು ಬೈಕಿನವನದ್ದೇ" ಅಂತ ವಾದ ಮಾಡುತ್ತಾರೆ. ಅದಕ್ಕೆ ಉತ್ತರ ಸ್ಥಳ ಮಹಜರು ಮತ್ತು ಸ್ಕೆಚ್ಚಿನಲ್ಲಿ ಇರಬೇಕು. ರಸ್ತೆ ಎಷ್ಟು ಅಗಲ, ಮಧ್ಯ ಎಲ್ಲಿ, ಗಾಜಿನ ಚೂರು ಎಲ್ಲಿ ಬಿದ್ದಿತ್ತು, ಬೈಕ್ ಉಜ್ಜಿದ ಗುರುತು ಯಾವ ಬದಿಯಲ್ಲಿತ್ತು, ರಕ್ತ ಎಲ್ಲಿತ್ತು. ಚೂರುಗಳು ನಿಮ್ಮ ಯಜಮಾನರ ಎಡಬದಿಯ ಅರ್ಧದಲ್ಲಿ ಬಿದ್ದಿದ್ದರೆ ಡ್ರೈವರ್ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಹಾಗಾಗಿ ನಾಳೆಯೇ ಮಾಡಬೇಕಾದ ಕೆಲಸ ಇದು. ಪೊಲೀಸ್ ಠಾಣೆಯಿಂದ ಅಥವಾ ಕೋರ್ಟಿನಿಂದ ಎಫ್‌ಐಆರ್, ದೂರಿನ ಪ್ರತಿ, ಸ್ಥಳ ಮಹಜರು, ಸ್ಕೆಚ್, ಐಎಂವಿ ರಿಪೋರ್ಟ್, ಗಾಯದ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಆಗಿದ್ದರೆ ಅದು, ಇಷ್ಟರ ನಕಲು ತೆಗೆಸಿ. ಐಎಂವಿ ಅಂದರೆ ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರು. ಲಾರಿ ಠಾಣೆಯಲ್ಲಿ ನಿಂತಿದ್ದಾಗ ಅವರು ಬಂದು ಬ್ರೇಕು, ಟೈರು, ಪೆಟ್ಟಾದ ಭಾಗ ನೋಡಿ ಬರೆದಿರುತ್ತಾರೆ. ಆಮೇಲೆ ಲಾರಿ ಬಿಡುಗಡೆಯಾಗಿ ರಿಪೇರಿಯಾಗಿ ಹೋಗಿಬಿಡುತ್ತದೆ. ಆಗ ಉಳಿಯುವುದು ಆ ಒಂದು ಹಾಳೆ ಮಾತ್ರ. ಎಷ್ಟೋ ಸಲ ಅದರಲ್ಲಿ "ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವಲ್ಲ" ಅಂತ ಒಂದು ಸಾಲು ಇರುತ್ತದೆ. ಅದನ್ನು ಓದಿ ಗಾಬರಿಯಾಗಬೇಡಿ. ಬ್ರೇಕು ಚೆನ್ನಾಗಿತ್ತು ಅಂದರೆ ಡ್ರೈವರ್ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ ಅಂತಲೇ ಅರ್ಥ. ಅದು ನಿಮಗೆ ಅನುಕೂಲ.

2022ರಿಂದ ಪೊಲೀಸರಿಗೂ ಒಂದು ಹೊಸ ಹೊಣೆ ಬಂದಿದೆ. ಅಪಘಾತದ ಮೊದಲ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನದೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ಪರಿಗಣಿಸಬಹುದು. ನಿಮ್ಮದು ಕಳಿಸಿದ್ದಾರಾ ಅಂತ ಠಾಣೆಯಲ್ಲಿ ಕೇಳಿ. ಕಳಿಸಿದ್ದರೂ ನಿಮ್ಮ ಅರ್ಜಿಯನ್ನು ನೀವೇ ಬೇರೆ ಹಾಕುವುದು ಒಳ್ಳೆಯದು. ಪೊಲೀಸರ ವರದಿಯಲ್ಲಿ ನಿಮ್ಮ ನೋವು, ಖರ್ಚು, ಸಂಬಳ ಪೂರ್ತಿಯಾಗಿ ಬಂದಿರದೆ ಇರಬಹುದು.

ಬೈಕ್ ಈಗ ಎಲ್ಲಿದೆ? ದಯವಿಟ್ಟು ಅದನ್ನು ರಿಪೇರಿಗೋ ಗುಜರಿಗೋ ಕೊಡಬೇಡಿ. ಬಲಗಡೆಯ ಹ್ಯಾಂಡಲ್ ತುದಿ, ಕ್ರ್ಯಾಶ್ ಗಾರ್ಡ್, ಫುಟ್‌ರೆಸ್ಟ್, ಸೈಲೆನ್ಸರ್ ಇವುಗಳ ಫೋಟೋ ಹತ್ತಿರದಿಂದ ತೆಗೆಯಿರಿ. ಲಾರಿಯ ಬಣ್ಣ ಮೆತ್ತಿಕೊಂಡಿದ್ದರೆ ಅದೂ ಕಾಣಬೇಕು. ಬೈಕಿನವರು ನೇರವಾಗಿ ಹೋಗಿ ಗುದ್ದಿದ್ದರೆ ಮುಂದಿನ ಚಕ್ರವೂ ಫೋರ್ಕೂ ಒಳಗೆ ಮಡಚಿಕೊಳ್ಳುತ್ತವೆ. ಪೆಟ್ಟು ಬಲಮಗ್ಗುಲಿಗೆ ಮಾತ್ರ ಇದ್ದರೆ ಲಾರಿ ಪಕ್ಕದಿಂದ ಒರಸಿಕೊಂಡು ಬಂದಿದೆ ಅಂತ ತೋರಿಸುತ್ತದೆ. ಗಾಯವೂ ಅದನ್ನೇ ಹೇಳುತ್ತಿದೆ ನೋಡಿ: ಬಲತೊಡೆ, ಬಲಪಾದ. ಎದುರಿನಿಂದ ಬಂದ ವಾಹನ ನಮ್ಮ ಬಲಗಡೆಯಿಂದ ತಾನೇ ದಾಟುವುದು? ಮೂಳೆ ಡಾಕ್ಟರ ಕಾಗದವೂ ಬೈಕಿನ ಫೋಟೋವೂ ಒಂದೇ ಮಾತು ಹೇಳಿದರೆ ನ್ಯಾಯಾಧೀಶರಿಗೆ ಬೇರೆ ಸಾಕ್ಷಿ ಅಷ್ಟಾಗಿ ಬೇಕಾಗುವುದಿಲ್ಲ. ಅವತ್ತಿನ ಪ್ಯಾಂಟು, ಬೂಟು, ಹೆಲ್ಮೆಟ್ಟು ಇದ್ದರೆ ಒಂದು ಚೀಲದಲ್ಲಿ ಕಟ್ಟಿಡಿ, ತೊಳೆಯಬೇಡಿ.

ಅವರನ್ನು ಎತ್ತಿ ಜೀಪಿಗೆ ಹಾಕಿದವರು ಯಾರು ಅಂತ ವಿಚಾರಿಸಿ. ಅವರ ಮೊಬೈಲಿನಲ್ಲಿ ಅವತ್ತಿನ ಫೋಟೋ ಇರುತ್ತದೆ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿದ್ದರೂ ಇರಬಹುದು. ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ, ಕಾಯ್ದೆಯ 134ಎ ಕಲಮು ಅದಕ್ಕೇ ಬಂದಿದೆ. ಕೋರ್ಟಿಗೆ ಅಲೆಸುತ್ತಾರೆ ಅಂತ ಅವರು ಹೆದರಿದರೆ ಇದನ್ನು ತಿಳಿಸಿ ಹೇಳಿ.

ಲಾರಿ ಅಪಘಾತದಲ್ಲಿ ಗಾಯ ಯಾಕೆ ಇಷ್ಟು ಭೀಕರ ಆಗುತ್ತದೆ ಅನ್ನುವುದನ್ನೂ ಹೇಳಬೇಕು, ಯಾಕೆಂದರೆ ಕೋರ್ಟಿನಲ್ಲಿ ಕಾರಣಕ್ಕೂ ಗಾಯಕ್ಕೂ ನಂಟು ತೋರಿಸಬೇಕಾಗುತ್ತದೆ. ಮೊದಲನೆಯದು ತೂಕ. ಓವರ್‌ಲೋಡ್ ಆದ ಲಾರಿ ಅದೇ ವೇಗದಲ್ಲಿದ್ದರೂ ನಿಲ್ಲಲು ಜಾಸ್ತಿ ದೂರ ಬೇಕು. ಇಳಿಜಾರಿನಲ್ಲಿ ಇದು ಇನ್ನೂ ಕೆಟ್ಟದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗಲೋ, ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೋ, ಸಣ್ಣ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲಿ ಇಳಿಸಬೇಕಾದ ಲಾರಿಯನ್ನು ಕೆಲವರು ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುತ್ತಾರೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮು ಕಾದು, ಲೈನರ್ ಸುಟ್ಟ ವಾಸನೆ ಬರಲು ಶುರುವಾದರೆ ಪೆಡಲ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. "ಬ್ರೇಕ್ ಫೇಲ್" ಅಂತ ಆಮೇಲೆ ಹೇಳುವ ಎಷ್ಟೋ ಅಪಘಾತಗಳ ಒಳಗೆ ಇರುವುದು ಇದೇ. ಅದು ದೈವದ ಆಟವಲ್ಲ, ಓಡಿಸಿದ ರೀತಿ. ಕೋರ್ಟುಗಳೂ "ಬ್ರೇಕ್ ಫೇಲ್ ಆಯಿತು" ಅನ್ನುವ ಒಂದೇ ಮಾತಿಗೆ ಮಾಲೀಕರನ್ನು ಬಿಟ್ಟುಬಿಡುವುದಿಲ್ಲ. ಗಾಡಿಯನ್ನು ಸರಿಯಾಗಿ ನೋಡಿಕೊಂಡಿದ್ದೆವು ಅಂತ ಅವರೇ ತೋರಿಸಬೇಕು.

ಎರಡನೆಯದು ಸರಕು ಕಟ್ಟಿದ ರೀತಿ. ಮರದ ಲೋಡು ಮೇಲೆ ಮೇಲೆ ಏರಿದಷ್ಟೂ ಲಾರಿ ತಿರುವಿನಲ್ಲಿ ವಾಲುತ್ತದೆ. ಚೈನು ಸಡಿಲವಾಗಿದ್ದರೆ ದಿಮ್ಮಿ ಜಾರುತ್ತದೆ. ಬಾಡಿಯಿಂದ ಹೊರಗೆ ಸರಕು ಚಾಚಿದ್ದರೆ ಕಾಯ್ದೆಯ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ ಇದೆ. ಓವರ್‌ಲೋಡಿಗೂ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡದ ಹಣ ನಿಮಗೆ ಬರುವುದಿಲ್ಲ. ಆದರೆ ಅಂಥ ಕೇಸು ದಾಖಲಾಗಿದ್ದರೆ ಅದು ನಿಮ್ಮ ಕೈಯಲ್ಲಿ ಒಳ್ಳೆಯ ಸಾಕ್ಷಿ. ತೂಕದ ಚೀಟಿ, ಇ-ವೇ ಬಿಲ್, ಸಾಗಾಣಿಕೆಯ ಕಾಗದ ಹಾಜರುಪಡಿಸಿ ಅಂತ ನಿಮ್ಮ ವಕೀಲರು ನ್ಯಾಯಮಂಡಳಿಗೆ ಅರ್ಜಿ ಕೊಡಲಿ. ಮಳೆಗಾಲದಲ್ಲಿ ಆದ ಅಪಘಾತವಾದರೆ ಇನ್ನೊಂದನ್ನೂ ನೋಡಬೇಕು. ಭೂಕುಸಿತದ ಭಯದಿಂದ ಜಿಲ್ಲಾಡಳಿತ ಭಾರಿ ಸರಕು ವಾಹನ, ಮರ ಮತ್ತು ಮರಳಿನ ಲಾರಿಗಳನ್ನು ಕೆಲವು ಕಾಲ ನಿರ್ಬಂಧಿಸಿ ಆದೇಶ ಹೊರಡಿಸುವುದುಂಟು. ಅವತ್ತು ಅಂಥ ಆದೇಶ ಜಾರಿಯಲ್ಲಿತ್ತಾ ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಬಹುದು. ಓಡಾಡಲೇಬಾರದಿದ್ದ ಲಾರಿ ರಸ್ತೆಯಲ್ಲಿತ್ತು ಅಂದರೆ ಅದು ಸಣ್ಣ ವಿಷಯವಲ್ಲ.

ಮೂರನೆಯದು ಪಕ್ಕದ ತಡೆ. ಲಾರಿಯ ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ, ಬಾಡಿಯ ಕೆಳಗೆ ಕಬ್ಬಿಣದ ಪಟ್ಟಿಗಳ ಬೇಲಿ ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಬಿದ್ದವರು ಒಳಗೆ ಜಾರಿ ಹಿಂಚಕ್ರಕ್ಕೆ ಸಿಗದಿರಲಿ ಅಂತ ಇಟ್ಟದ್ದು. ಹಿಂದೆಯೂ ಅಂಥದ್ದೇ ಒಂದು ಅಡ್ಡಪಟ್ಟಿ ಇರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇವೆರಡೂ ಇವೆ. ಮರ ಹೇರಲು ಅಡ್ಡ ಅಂತ ಬಿಚ್ಚಿಸಿದ ಲಾರಿಗಳು ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತವೆ. ನಿಮ್ಮ ಯಜಮಾನರ ಪಾದದ ಮೇಲೆ ಚಕ್ರ ಹತ್ತಿದೆ ಅಂದರೆ ಆ ತಡೆ ಇತ್ತಾ ಅನ್ನುವ ಪ್ರಶ್ನೆ ಕೇಳಲೇಬೇಕು. ಲಾರಿಯ ಪಕ್ಕದ ಫೋಟೋ ಸಿಕ್ಕರೆ ಜೋಪಾನವಾಗಿ ಇಡಿ.

ಡ್ರೈವರನ ನಿದ್ದೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿ ಕಾನೂನಿನಲ್ಲಿದೆ. ಒಬ್ಬನೇ ಹಗಲೂ ರಾತ್ರಿ ಓಡಿಸಿದ್ದರೆ ಅದು ಮಾಲೀಕರ ಹೊಣೆ. ಈಗ ಬಹಳ ಲಾರಿಗಳಲ್ಲಿ ಜಿಪಿಎಸ್ ಇದೆ. ಅವತ್ತಿನ ಜಿಪಿಎಸ್ ದಾಖಲೆ ಉಳಿಸಿಡಿ ಅಂತ ಮಾಲೀಕರಿಗೆ ವಕೀಲರಿಂದ ಒಂದು ನೋಟಿಸ್ ಹೋಗಲಿ.

ಗಾಯದ ಕಡೆಗೆ ಬರೋಣ. ಚಕ್ರ ಹತ್ತಿದ ಗಾಯವೂ ಬರೀ ಬಿದ್ದು ಆದ ಗಾಯವೂ ಒಂದೇ ಅಲ್ಲ. ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಚಕ್ರದ ಅಡಿ ಮಾಂಸಖಂಡ, ನರ, ರಕ್ತನಾಳ ಎಲ್ಲ ಜಜ್ಜಿಹೋಗಿರುತ್ತವೆ. ಕೆಲವು ಗಂಟೆಗಳಲ್ಲಿ ಒಳಗೆ ಬಾವು ಏರಿ ರಕ್ತದ ಓಡಾಟಕ್ಕೇ ತಡೆಯಾಗಬಹುದು. ಚರ್ಮ ಮಾಂಸದಿಂದ ಬಿಟ್ಟುಕೊಂಡಿರಬಹುದು. ಮಣ್ಣು ಸೇರಿದ ತೆರೆದ ಗಾಯ ತಿಂಗಳುಗಟ್ಟಲೆ ಕೀವಾಗಬಹುದು. ಮೂಳೆ ಕೂಡಿದ ಮೇಲೂ ಪಾದ ಜೋಮು ಹಿಡಿದಂತಿದ್ದರೆ, ಬೆರಳು ಮೇಲೆ ಎತ್ತಲು ಆಗದಿದ್ದರೆ ಅದು ನರದ ತೊಂದರೆ. ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಒಪಿ ಚೀಟಿಯಲ್ಲಿ ಬರೆಸಿ. ನಮ್ಮ ಗಂಡಸರು "ಪರವಾಗಿಲ್ಲ ಸರ್, ಈಗ ಸುಮಾರಾಗಿದೆ" ಅಂದುಬಿಡುತ್ತಾರೆ. ಚೀಟಿಯಲ್ಲಿ ಬರೆಯದ ನೋವು ಕೋರ್ಟಿನಲ್ಲಿ ಇಲ್ಲದ ನೋವು.

ಇನ್ನೊಂದು ತಕರಾರು ಬರಬಹುದು: ಚಿಕಿತ್ಸೆ ತಡವಾಗಿದ್ದಕ್ಕೆ ಕಾಲು ಹೀಗಾಗಿದೆ, ಅದಕ್ಕೆ ನಾವು ಹೊಣೆಯಲ್ಲ ಅಂತ. ಗಾಯವಾದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ "ಗೋಲ್ಡನ್ ಅವರ್" ಅಂತ ಕರೆದಿದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಆ ಒಂದು ಗಂಟೆ ರಸ್ತೆಯಲ್ಲೇ ಮುಗಿದುಹೋಗುತ್ತದೆ. ಇದು ನಿಮ್ಮ ತಪ್ಪಲ್ಲ. ಮಡಿಕೇರಿಯ ಆಸ್ಪತ್ರೆಯ ರೆಫರಲ್ ಚೀಟಿ, ಆಂಬುಲೆನ್ಸ್ ರಸೀದಿ, ಮೈಸೂರಿನಲ್ಲಿ ದಾಖಲಾದ ಸಮಯ, ಮೂರನ್ನೂ ಜೋಡಿಸಿಡಿ. ಎರಡೂ ಕಡೆ "ರಸ್ತೆ ಅಪಘಾತ, ಲಾರಿ" ಅಂತ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಅಂತ ಆಸ್ಪತ್ರೆ ಬರೆಯುವ ದಾಖಲೆ) ಆಗಿದೆಯಾ ನೋಡಿ. ಗಡಿಬಿಡಿಯಲ್ಲಿ ಜೊತೆಗಿದ್ದವರು "ಬೈಕಿನಿಂದ ಬಿದ್ದರು" ಅಂತ ಬರೆಸಿಬಿಟ್ಟಿರುತ್ತಾರೆ. ಹಾಗಾಗಿದ್ದರೆ ವಕೀಲರಿಗೆ ಈಗಲೇ ಹೇಳಿ. ಅದನ್ನು ವಿವರಿಸಲು ದಾರಿಯಿದೆ, ಆದರೆ ಮೊದಲೇ ಗೊತ್ತಿರಬೇಕು.

ನಿಮಗೆ ಈಗ ಉಪಯೋಗಕ್ಕೆ ಬಾರದಿದ್ದರೂ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆ ಬಂದಿದೆ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮೊದಲ ದಿನವೇ ಕೇಳಬೇಕು. ಇನ್ನು, ಲಾರಿ ನಿಲ್ಲಿಸದೆ ಓಡಿಹೋಗಿ ಪತ್ತೆಯೇ ಆಗದಿದ್ದರೆ ಸರ್ಕಾರದಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ.

ಈಗ ಆ ಎರಡೂವರೆ ಲಕ್ಷದ ಕಾಗದ. ಆ ಮೊತ್ತ ಎಲ್ಲಿಂದ ಬಂತು ಗೊತ್ತಾ? ಕಾಯ್ದೆಯ 164ನೇ ಕಲಮಿನಲ್ಲಿ, ತಪ್ಪು ಯಾರದ್ದು ಅಂತ ಕೇಳದೆ ಕೊಡುವ ನಿಗದಿತ ಪರಿಹಾರ ಇದೆ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ತಪ್ಪು ಯಾರದ್ದು ಅಂತ ತೋರಿಸಲು ಸಾಧ್ಯವೇ ಇಲ್ಲದವರಿಗೆ ಅದು ದೊಡ್ಡ ಆಸರೆ. ಆದರೆ 149ನೇ ಕಲಮಿನ ರೀತಿಯಲ್ಲಿ, ಅಂದರೆ ವಿಮಾ ಕಂಪನಿಯ ಜೊತೆ ರಾಜಿಯಾಗಿ, ಆ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿರುವ ನಿಮ್ಮ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ ಅಂತ 166ನೇ ಕಲಮಿನಲ್ಲೇ ಬರೆದಿದೆ. ಸಹಿ ಬೇಡ ಅಂದದ್ದು ಇದಕ್ಕೇ. ರಾಜಿ ಅಂದರೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ವಿಮಾ ಕಂಪನಿಯ ನೇಮಿತ ಅಧಿಕಾರಿ ನ್ಯಾಯಮಂಡಳಿಯ ಮುಂದೆ ಲೆಕ್ಕ ಕೊಟ್ಟು ಮೊತ್ತ ಹೇಳಬೇಕು, ನೀವು ಒಪ್ಪಬಹುದು, ಬೇಡ ಅನ್ನಬಹುದು. ಬೇಡ ಅಂದರೆ ಕೇಸು ಮುಂದುವರಿಯುತ್ತದೆ. ಮನೆ ಜಗಲಿಯಲ್ಲಿ ಕೂತು ಸಹಿ ಹಾಕಿಸಿಕೊಳ್ಳುವುದು ಆ ರೀತಿಯಲ್ಲ. ಬಂದವರ ಹೆಸರು, ಗುರುತಿನ ಚೀಟಿ, ಕಂಪನಿಯ ಪತ್ರ ಕೇಳಿ. ಕೊಡದಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ.

ನಿಮ್ಮ ಲೆಕ್ಕ ಎಷ್ಟಾಗಬಹುದು ಅಂತ ಒಮ್ಮೆ ನೋಡೋಣ. ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಪ್ರಕರಣದಲ್ಲಿ ವಯಸ್ಸಿಗೆ ತಕ್ಕ ಗುಣಕ, ಅಂದರೆ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ, ಹಾಕಿಕೊಟ್ಟಿದೆ. 36ರಿಂದ 40 ವರ್ಷದವರಿಗೆ ಅದು 15. 2017ರ ಪ್ರಣಯ್ ಸೇಥಿ ತೀರ್ಪಿನ ಪ್ರಕಾರ ಖಾಯಂ ನೌಕರಿಯಲ್ಲದ, 40 ದಾಟದವರ ಆದಾಯಕ್ಕೆ ಮುಂದಿನ ಏರಿಕೆ ಅಂತ ನೂರಕ್ಕೆ 40 ಸೇರಿಸಬೇಕು. ಗಾಯದ ಪ್ರಕರಣಗಳಿಗೂ ಇದು ಅನ್ವಯ ಅಂತ 2020ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. 20,000ಕ್ಕೆ 8,000 ಸೇರಿಸಿದರೆ 28,000. ವರ್ಷಕ್ಕೆ 3,36,000. ಅದನ್ನು 15ರಿಂದ ಗುಣಿಸಿದರೆ 50,40,000. ದುಡಿಯುವ ಶಕ್ತಿಯಲ್ಲಿ ನೂರಕ್ಕೆ 30 ನಷ್ಟ ಅಂತ ನ್ಯಾಯಮಂಡಳಿ ಒಪ್ಪಿದರೆ ಈ ಒಂದೇ ಬಾಬ್ತಿಗೆ 15,12,000 ರೂಪಾಯಿ. ಇದರ ಮೇಲೆ ಆಸ್ಪತ್ರೆ ಖರ್ಚು, ಮುಂದೆ ರಾಡ್ ತೆಗೆಸುವ ಖರ್ಚು, ನೋವಿಗೆ, ಕೆಲಸವಿಲ್ಲದೆ ಕೂತ ತಿಂಗಳುಗಳ ಸಂಬಳ, ಮೈಸೂರಿಗೆ ಓಡಾಡಿದ ಟ್ಯಾಕ್ಸಿ, ನೀವು ಕೆಲಸ ಬಿಟ್ಟು ಹಾಸಿಗೆ ಪಕ್ಕ ಕೂತದ್ದಕ್ಕೂ ಒಂದು ಮೊತ್ತ, ಜೊತೆಗೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. ಇಷ್ಟೇ ಸಿಗುತ್ತದೆ ಅಂತ ನಾನು ಭರವಸೆ ಕೊಡಲಾರೆ. ಬೈಕಿನದ್ದೂ ಸ್ವಲ್ಪ ತಪ್ಪು ಅಂತ ಕಂಡರೆ ಆ ಪಾಲು ಕಳೆಯುತ್ತಾರೆ. ಆದರೂ ಎರಡೂವರೆ ಲಕ್ಷಕ್ಕೂ ಇದಕ್ಕೂ ಎಷ್ಟು ಅಂತರ ಅಂತ ಕಾಣುತ್ತದಲ್ವಾ?

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಆ ನೂರಕ್ಕೆ 30 ಅನ್ನುವ ಅಂಕಿ. ಡಾಕ್ಟರು ಕಾಲಿಗೆ ಇಷ್ಟು ಅಂತ ಬರೆದುಕೊಡುತ್ತಾರೆ. ದೇಹಕ್ಕೆ ಅಂತ ಲೆಕ್ಕ ಹಾಕುವಾಗ ಅದು ಇಳಿಯುತ್ತದೆ. ಆದರೆ 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಅಂಗಕ್ಕೆ ಎಷ್ಟು ಊನ ಅನ್ನುವುದಷ್ಟೇ ಅಲ್ಲ, ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ಕಾಲು ಕುಂಟಿದರೂ ಕೆಲಸ ನಡೆಯುತ್ತದೆ. ತೋಟದ ರೈಟರ್ ಕೆಲಸ ಹಾಗಲ್ಲ. ಬೆಳಗ್ಗೆ ಆಳುಗಳ ಹಾಜರಿ ಹಾಕಿ, ಇಳಿಜಾರಿನ ತೋಟ ಹತ್ತಿ ಇಳಿದು, ಮಳೆಯಲ್ಲಿ ಜಾರುವ ದಾರಿಯಲ್ಲಿ ಕಪಾತು, ಗೊಬ್ಬರ, ಕೊಯ್ಲು ನೋಡಿ, ಸಂಜೆ ಕಾಫಿ ತೂಕ ಹಾಕಿಸುವವರೆಗೆ ಕಾಲಿನ ಮೇಲೇ ಇರಬೇಕು. ನ್ಯಾಯಾಧೀಶರಿಗೆ ಇದು ಗೊತ್ತಿರುತ್ತದೆ ಅಂತ ಬಿಟ್ಟುಬಿಡಬೇಡಿ. ತೋಟದ ಮಾಲೀಕರು ಅಥವಾ ಮ್ಯಾನೇಜರ್ ಬಂದು ದಿನದ ಕೆಲಸ ಏನು, ಈಗ ಯಾವುದು ಆಗುತ್ತಿಲ್ಲ ಅಂತ ಸಾಕ್ಷಿ ಹೇಳಲಿ. ಸಂಬಳದ ರಿಜಿಸ್ಟರ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಇದ್ದರೆ ಅದರ ಚೀಟಿ ತೆಗೆದಿಡಿ. ಸಂಬಳ ಕೈಗೇ ಕೊಡುತ್ತಿದ್ದರೆ ಮಾಲೀಕರ ಸಾಕ್ಷಿ ಇನ್ನೂ ಮುಖ್ಯ.

ಡಿಎಲ್ ವಿಷಯದಲ್ಲಿ ಹೆದರಬೇಡಿ. ಅವಧಿ ಮುಗಿದ ಲೈಸೆನ್ಸ್‌ನಲ್ಲಿ ಓಡಿಸಿದ್ದಕ್ಕೆ ದಂಡ ಬೀಳಬಹುದು, ಅದು ಬೇರೆ ಮಾತು. ಲೈಸೆನ್ಸ್ ಇಲ್ಲ ಅನ್ನುವುದೊಂದರಿಂದಲೇ ಗಾಯಾಳುವಿನ ತಪ್ಪೂ ಇದೆ ಅಂತ ಹೇಳಲಾಗದು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅವರು ಹೇಗೆ ಓಡಿಸುತ್ತಿದ್ದರು ಅನ್ನುವುದೇ ಮುಖ್ಯ. ಬೈಕಿಗೆ ವಿಮೆ ಇಲ್ಲದಿದ್ದರೂ ಇದೇ ಮಾತು. ಆದರೆ ಡಿಎಲ್ ಇತ್ತು ಅಂತ ಸುಳ್ಳು ಹೇಳಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಅನುಮಾನದಿಂದ ನೋಡುತ್ತಾರೆ.

ಲಾರಿ ಕಡೆಯಲ್ಲಿ ಕೊರತೆ ಇದ್ದರೂ ನಿಮ್ಮ ಹಣ ಸುಲಭಕ್ಕೆ ಮುಳುಗುವುದಿಲ್ಲ. ಡ್ರೈವರಿಗೆ ಸರಿಯಾದ ಲೈಸೆನ್ಸ್ ಇರಲಿಲ್ಲ, ಪರ್ಮಿಟ್ ಇರಲಿಲ್ಲ ಅಂತ ವಿಮಾ ಕಂಪನಿ ಹೇಳಬಹುದು. ಆಗ ಮೊದಲು ಕಂಪನಿಯೇ ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಅಂತ ಕೋರ್ಟುಗಳು ಆದೇಶ ಮಾಡುತ್ತವೆ. ಲಾರಿಯನ್ನು ಮಾರಿದ್ದೆ, ಹೆಸರು ಬದಲಾಗಿಲ್ಲ ಅಂತ ಮಾಲೀಕರು ಜಾರಿಕೊಳ್ಳಲೂ ಬರುವುದಿಲ್ಲ. ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ. ಡ್ರೈವರ್ ಮೇಲಿನ ಕ್ರಿಮಿನಲ್ ಕೇಸು, ಅಂದರೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮಿನದು, ಬೇರೆ ನಡೆಯುತ್ತದೆ. ಅದರಲ್ಲಿ ಅವನು ಬಿಡುಗಡೆಯಾದರೂ ನಿಮ್ಮ ಪರಿಹಾರ ತಾನಾಗಿ ಹೋಗುವುದಿಲ್ಲ. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲದ ಸಾಕ್ಷಿ ಬೇಕು, ಇಲ್ಲಿ ಯಾವುದು ಹೆಚ್ಚು ಸಂಭವ ಅಂತ ನೋಡುತ್ತಾರೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಒಂದು ವಿಷಯ ಹೇಳದೆ ಇರಲಾರೆ, ನಿಮ್ಮ ಯಜಮಾನರು ರೈಟರ್ ಆಗಿರುವುದರಿಂದ ಅವರಿಗೂ ಬೇಕಾದದ್ದು. ಕೊಯ್ಲಿನ ಕಾಲದಲ್ಲಿ ಲೈನ್‌ಮನೆಯಿಂದಲೋ ಊರಿನಿಂದಲೋ ಕೂಲಿಯಾಳುಗಳನ್ನು ಪಿಕಪ್ಪಿನಲ್ಲಿ, ಲಾರಿಯಲ್ಲಿ ನಿಲ್ಲಿಸಿಕೊಂಡು ಹೋಗುತ್ತಾರೆ. ಸರಕು ವಾಹನದಲ್ಲಿ ಸುಮ್ನೆ ಹತ್ತಿಸಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ 2003ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಮ್ಮ ಸರಕಿನ ಜೊತೆ ಹೋಗುವ ಅದರ ಮಾಲೀಕರಿಗೆ ಅಥವಾ ಅವರ ಕಡೆಯವರಿಗೆ ರಕ್ಷಣೆ ಇದೆ. ವಾಹನದ ಮಾಲೀಕರದ್ದೇ ನೌಕರರಾಗಿದ್ದರೆ ನೌಕರರ ಪರಿಹಾರ ಕಾನೂನಿನ ದಾರಿ ಇದೆ. ಅದು ಅಥವಾ ಮೋಟಾರು ವಾಹನ ಕಾಯ್ದೆ, ಎರಡರಲ್ಲಿ ಒಂದನ್ನೇ ಆರಿಸಬೇಕು. ಬಾಡಿಗೆ ಪಿಕಪ್ಪಿನಲ್ಲಿ ನಿಂತು ಹೋದ ಕೂಲಿಯವರ ಪಾಡು ಮಾತ್ರ ಕಷ್ಟ. ಕೆಲವು ಪ್ರಕರಣಗಳಲ್ಲಿ ವಿಮಾ ಕಂಪನಿಯಿಂದ ಮೊದಲು ಕೊಡಿಸಿದ್ದುಂಟು, ಎಲ್ಲದರಲ್ಲೂ ಅಲ್ಲ. ಮಾಲೀಕರ ಕೈಯಲ್ಲಿ ಹಣವಿಲ್ಲದಿದ್ದರೆ ತೀರ್ಪಿನ ಕಾಗದ ಬರೀ ಕಾಗದವಾಗಿ ಉಳಿಯುತ್ತದೆ. ಆಳುಗಳನ್ನು ಕರೆತರಲು ಜೀಪೋ ವ್ಯಾನೋ, ಪ್ರಯಾಣಿಕರ ವಿಮೆ ಇರುವ ವಾಹನವನ್ನೇ ಮಾಡಿ ಅಂತ ನಿಮ್ಮ ಯಜಮಾನರು ತೋಟದವರಿಗೆ ಹೇಳಲಿ. ಈ ಮಾತನ್ನು ನಾನು ಕೈಮುಗಿದು ಕೇಳುತ್ತೇನೆ.

ವಕೀಲರ ವಿಷಯ. ಅಪಘಾತದ ಕೇಸು ನಡೆಸಿ ಅಭ್ಯಾಸವಿರುವವರನ್ನು ನೋಡಿ. "ಬಂದದ್ದರಲ್ಲಿ ನೂರಕ್ಕೆ ಇಷ್ಟು ನನಗೆ" ಅನ್ನುವ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮಗಳಲ್ಲಿ ಅವಕಾಶವಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಸಿಗುವ ಮಧ್ಯವರ್ತಿಗಳು ಹಾಗೆ ಕೇಳಿದರೆ ದೂರ ಇರಿ. ಫೀಸು ಎಷ್ಟು, ಯಾವಾಗ ಅಂತ ಮೊದಲೇ ಮಾತಾಡಿ, ರಸೀದಿ ಕೇಳಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಅರ್ಜಿಗೆ ನಿಮ್ಮ ಯಜಮಾನರ ಹೆಸರಿನ ಬ್ಯಾಂಕ್ ಖಾತೆಯ ವಿವರ ಕೊಡಿ, ಪರಿಹಾರ ಅಲ್ಲಿಗೇ ಬರಲಿ. ಫೀಸು ಕೊಡುವ ಶಕ್ತಿ ಇಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ 15100. ಲೋಕ ಅದಾಲತ್ತಿಗೆ ಕಳಿಸಿದರೆ ಹೋಗಿ, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಅಂಗವೈಕಲ್ಯದ ಸರ್ಟಿಫಿಕೇಟ್ ಕೈಗೆ ಬರುವ ಮೊದಲು ಯಾವ ಮೊತ್ತಕ್ಕೂ ತಲೆಯಾಡಿಸಬೇಡಿ.

ಈ ವಾರ ಠಾಣೆಯ ಕಾಗದಗಳು, ಬೈಕಿನ ಫೋಟೋ, ಆಸ್ಪತ್ರೆಯ ಫೈಲು. ಮುಂದಿನ ವಾರ ವಕೀಲರು. ಆರು ತಿಂಗಳ ಆ ತಾರೀಕಿಗೆ ಮೊದಲೇ ಅರ್ಜಿ ನೋಂದಣಿಯಾಗಿ, ಅದರ ನಂಬರ್ ನಿಮ್ಮ ಕೈಯಲ್ಲಿರಲಿ.